ಮುರಿದ ಎಳೆಗಳು: ಸೊನ್ನೆ

ಜನವರಿ ೧೧

ಅಮ್ಮಾ,

ಮೊನ್ನೆ ಫೋನಿನಲ್ಲಿ ಕೂಗಿ ಕೂಗಿ ನನ್ನ ಗಂಟಲು ಕಟ್ಟಿತು, ನಿನಗೆ ಕೇಳಿಸಿದ್ದು "ಹಲೋ" ಒಂದೇ. ಇಪ್ಪತ್ತೆರಡು ವರ್ಷ ಗಿರಣಿಯಲ್ಲಿ ಮಗ್ಗಗಳ ನಡುವೆ ನಿಂತವಳ ಕಿವಿಗೆ ಫೋನು ಯಾವ ಮೂಲೆಗೆ? ಮೆಸೇಜ್ ಕಳಿಸಿದರೆ ನೀನು ನೋಡುವುದು ಹದಿನೈದು ದಿನಕ್ಕೊಮ್ಮೆ. ಹಾಸ್ಟೆಲಿನ ಹುಡುಗಿಯರು ನಕ್ಕರೆ ನಗಲಿ ಎಂದು ಕಾಗದವನ್ನೇ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ನನಗೆ ಇನ್ನೂ ಇಂಟರ್ನ್‌ಶಿಪ್ ಸಿಕ್ಕಿಲ್ಲ. ಕೊನೆಯ ವರ್ಷದ ಮೆಕ್ಯಾನಿಕಲ್‌ನವರೆಲ್ಲ ಮೂರು ತಿಂಗಳು ಯಾವುದಾದರೂ ಕಂಪನಿಯಲ್ಲಿ ಕೆಲಸ ಕಲಿತು ಸರ್ಟಿಫಿಕೇಟ್ ತರಬೇಕು. ತರದಿದ್ದರೆ ಡಿಗ್ರಿ ಇಲ್ಲ, ಇನ್ನೊಂದು ವರ್ಷ ಇಲ್ಲೇ ಕೊಳೆಯಬೇಕು. ಹದಿನೇಳು ಕಡೆ ಅರ್ಜಿ ಹಾಕಿದೆ. ಎರಡು ಕಡೆಯಿಂದ "ಕ್ಷಮಿಸಿ" ಎಂದು ಬಂತು, ಹದಿನೈದು ಕಡೆಯಿಂದ ಅದೂ ಬರಲಿಲ್ಲ. ನಮ್ಮ ತರಗತಿಯಲ್ಲಿ ಪ್ರತಿಯೊಬ್ಬರಿಗೂ ಒಬ್ಬ ದೊಡ್ಡಪ್ಪನೋ ಮಾವನೋ ಎಲ್ಲೋ ಮ್ಯಾನೇಜರ್ ಆಗಿರುತ್ತಾನೆ. ನನಗಿರುವ ಒಬ್ಬ ಮಾವ ಬಸ್ ಓಡಿಸುತ್ತಾನೆ.

ಇಂಟರ್ನ್‌ಶಿಪ್ ನೋಡಿಕೊಳ್ಳುವ ಮೇಷ್ಟ್ರು ನಿನ್ನೆ ತರಗತಿಯಲ್ಲಿ ಪಟ್ಟಿ ಓದಿದರು. ಖಾಲಿ ಇದ್ದದ್ದು ನನ್ನ ಹೆಸರಿನ ಮುಂದೆ ಮಾತ್ರ. "ಏನಮ್ಮ, ಫೆಬ್ರವರಿ ಒಂದಕ್ಕೆ ಎಲ್ಲರೂ ಶುರು ಮಾಡ್ಬೇಕು, ಗೊತ್ತಲ್ಲ?" ಎಂದರು. ಗೊತ್ತು. ಗೊತ್ತಿರುವುದಕ್ಕೇ ಭಯ. ನಾಲ್ಕು ದಿನದಿಂದ ಊಟ ಸೇರುತ್ತಿಲ್ಲ.

ಅಜ್ಜಿಗೆ ಹೇಳಬೇಡ.

ನಿನ್ನ ಮಗಳು


ಜನವರಿ ೧೬

ಪುಟ್ಟೀ,

ನಿನ್ನ ಕಾಗದವನ್ನು ಅಂಚೆಯವನ ಕೈಯಿಂದ ಇಸಿದುಕೊಂಡದ್ದೇ ಅಜ್ಜಿ. ಎರಡು ಸಲ ಓದಿಸಿಕೊಂಡಳು. ಬಸ್ ಓಡಿಸುವ ಮಾವ ಎಂದದ್ದಕ್ಕೆ ಅವಳಿಗೆ ಸಿಟ್ಟು ಬಂದಿದೆ, ಎಷ್ಟಾದರೂ ಅವಳ ಮಗನಲ್ಲವೇ. ಮುಂದಿನ ಕಾಗದದಲ್ಲಿ ಅವನ ಕ್ಷೇಮ ವಿಚಾರಿಸಿಬಿಡು.

ಅರ್ಜಿ ಹಾಕಿ ಬಾಯಿ ತೆರೆದುಕೊಂಡು ಕೂತರೆ ಯಾರು ಬಂದು ಕರೆಯುತ್ತಾರೆ? ನಾನು ಗಿರಣಿಗೆ ಸೇರಿದ ದಿನ ಗೇಟಿನ ಮುಂದೆ ಮೂವತ್ತು ಹೆಂಗಸರು ಕೆಲಸ ಕೊಡಿ ಎಂದು ಕಾಡುತ್ತಿದ್ದರು. ನಾನು ಸೂಪರ್‌ವೈಸರ್ ಹೆಗಲ ಮೇಲಿದ್ದ ಬಟ್ಟೆ ನೋಡಿ, "ಅಣ್ಣ, ಇದ್ರಲ್ಲಿ ಎರಡು ಎಳೆ ತಪ್ಪಿದೆಯಲ್ಲ, ಯಾಕೆ ಹಾಗಾಗುತ್ತೆ?" ಎಂದು ಕೇಳಿದೆ. ಅವನು ಒಳಗೆ ಕರೆದುಕೊಂಡು ಹೋಗಿ ಮಗ್ಗದ ಮುಂದೆ ನಿಲ್ಲಿಸಿ ತೋರಿಸಿದ. ತೋರಿಸಿದವನು ಆಮೇಲೆ ಹೊರಗೆ ಕಳಿಸಲಿಲ್ಲ.

ನೀನೂ ಕೆಲಸ ಬೇಡಬೇಡ. ಅವರು ಮಾಡುತ್ತಿರುವ ಕೆಲಸ ಏನು, ಹೇಗೆ ಎಂದು ಕೇಳು. ಕೆಲಸ ಬಲ್ಲವನಿಗೆ ಅದನ್ನು ಇನ್ನೊಬ್ಬರಿಗೆ ಹೇಳುವ ಚಪಲ ಇದ್ದೇ ಇರುತ್ತದೆ, ಕೇಳುವವರು ಸಿಗುವುದಿಲ್ಲ ಅಷ್ಟೇ. ಚಪ್ಪಲಿ ಮೆಟ್ಟಿಕೊಂಡು ಹೊರಡು. ಅಳುವುದಿದ್ದರೆ ತಿರುಗಿ ಬಂದ ಮೇಲೆ ಅಳು. ಮೊದಲು ಹೊಟ್ಟೆಗೆ ಏನಾದರೂ ಹಾಕಿಕೋ.

ನಿನ್ನ ಅಮ್ಮ


ಫೆಬ್ರವರಿ ೪

ಅಮ್ಮಾ,

ಸಿಕ್ಕಿತು. ಮಾವ ಚೆನ್ನಾಗಿದ್ದಾನೆಯೇ?

ಹನ್ನೊಂದು ದಿನ ಬೀದಿ ಅಳೆದೆ. ಕೊನೆಗೆ ಒಂದು ಕಟ್ಟಡದಲ್ಲಿ ಲಿಫ್ಟಿನ ಬಾಗಿಲು ಬಿಚ್ಚಿಟ್ಟುಕೊಂಡು ಒಬ್ಬರು ಕೂತಿದ್ದರು, ಮೈಯೆಲ್ಲ ಗ್ರೀಸ್. "ಲಿಫ್ಟಿನ ಬಾಗಿಲು, ಅಂತಸ್ತಿನ ಬಾಗಿಲು ಎರಡೂ ಒಟ್ಟಿಗೇ ಹೇಗೆ ತೆರೆದುಕೊಳ್ತವೆ?" ಎಂದು ಕೇಳಿದೆ. ಅರ್ಧ ಗಂಟೆ ತೋರಿಸಿದರು. ಆಮೇಲೆ ಗೊತ್ತಾಯಿತು, ಅವರು ಒಂದು ಲಿಫ್ಟ್ ದುರಸ್ತಿ ಕಂಪನಿಯ ಹಿರಿಯ ಮೇಸ್ತ್ರಿ. ನನ್ನನ್ನು ತಮ್ಮ ಆಫೀಸಿಗೇ ಕರೆದುಕೊಂಡು ಹೋದರು. ಮ್ಯಾನೇಜರ್ "ಹುಡುಗಿಯರನ್ನ ಇದುವರೆಗೆ ತಗೊಂಡಿಲ್ಲ" ಎಂದಾಗ ಮೇಸ್ತ್ರಿ, "ನನ್ನ ಜೊತೆ ಇರ್ಲಿ ಬಿಡಿ ಸಾರ್, ಇವಳ ಜವಾಬ್ದಾರಿ ನನ್ನದು" ಎಂದುಬಿಟ್ಟರು. ಯಾವ ಅರ್ಜಿಯೂ ಮಾಡದ ಕೆಲಸವನ್ನು ಒಂದು ಪ್ರಶ್ನೆ ಮಾಡಿತು. ಗೆದ್ದೆ ಎಂದು ಮೀಸೆ ತಿರುವಬೇಡ.

ಆದರೆ ಕೆಲಸ ಎಂಥದ್ದು ಗೊತ್ತೇ? ಲಿಫ್ಟಿನ ಒಳಗಲ್ಲ, ಅದರ ತಲೆಯ ಮೇಲೆ ನಿಂತು ಹೋಗಬೇಕು. ನಾಲ್ಕೂ ಕಡೆ ಬಾವಿಯಂಥ ಕತ್ತಲೆ ಗೋಡೆ, ತಲೆಯ ಮೇಲೆ ಐದು ಉಕ್ಕಿನ ಹಗ್ಗ, ಕಾಲ ಕೆಳಗೆ ಎಂಟು ಅಂತಸ್ತು. ಮೊದಲ ದಿನ ನಾನು ನಡುಗಿದ್ದು ನೋಡಿ ಮೇಸ್ತ್ರಿ, "ಲಿಫ್ಟೇ ಅಲ್ಲಾಡ್ತಿದೆ ಅಂದ್ಕೊಂಡೆ, ನೀನಾ?" ಎಂದರು.

ನನಗೆ ಕೊಟ್ಟಿರುವುದು ಹಗ್ಗ ನೋಡುವ ಕೆಲಸ. ಒಂದೊಂದು ಹಗ್ಗವೂ ನೂರಾರು ತೆಳು ತಂತಿ ಹೊಸೆದು ಮಾಡಿದ್ದು. ಹಳತಾದಂತೆ ಒಂದೊಂದೇ ಎಳೆ ಮುರಿಯುತ್ತದೆ. ಲಿಫ್ಟನ್ನು ನಿಧಾನವಾಗಿ ಓಡಿಸುತ್ತ ಹಗ್ಗದ ಸುತ್ತ ಬಟ್ಟೆ ಹಿಡಿಯಬೇಕು. ಮುರಿದ ಎಳೆ ಇದ್ದರೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಆಗ ನಿಲ್ಲಿಸಿ, ಎಣಿಸಿ, ಹಾಳೆಯಲ್ಲಿ ಬರೆಯಬೇಕು. ಎಣಿಕೆ ಹೆಚ್ಚಾದರೆ ಲಿಫ್ಟ್ ನಿಲ್ಲಿಸಿ ಹೊಸ ಹಗ್ಗ ಹಾಕುತ್ತಾರೆ. ನನ್ನ ತೊಂದರೆ ಏನೆಂದರೆ ನನ್ನ ಬಟ್ಟೆ ಮಾತೆತ್ತಿದರೆ ಹರಿಯುತ್ತದೆ. ದಿನಕ್ಕೆ ಆರು ಬಟ್ಟೆ ಬೇಕು, ಮೇಸ್ತ್ರಿಯನ್ನು ಮತ್ತೆ ಮತ್ತೆ ಕೇಳಲು ನಾಚಿಕೆ. ಎಳೆಯ ವಿಚಾರ ನಿನಗಿಂತ ಬಲ್ಲವರು ಯಾರು? ಹೇಗೆ ಹಿಡಿಯಲಿ ಹೇಳು.

ನಿನ್ನ ಮಗಳು


ಫೆಬ್ರವರಿ ೭

ಪುಟ್ಟೀ,

ಎಂಟು ಅಂತಸ್ತು ಎಂದು ಓದಿದ್ದೇ ತಡ ಕಾಗದ ಕೆಳಗಿಟ್ಟುಬಿಟ್ಟೆ. ಚಪ್ಪಲಿ ಮೆಟ್ಟಿಕೊಂಡು ಹೊರಡು ಎಂದವಳೇ ನಾನು, ಈಗ ಯಾರನ್ನು ಬೈಯಲಿ? ಅಲ್ಲಿ ಹಿಡಿದುಕೊಳ್ಳಲು ಕಂಬಿ ಇದೆಯೇ? ಸೊಂಟಕ್ಕೆ ಪಟ್ಟಿ ಕಟ್ಟುತ್ತಾರೆಯೇ? ಜಡೆ ಮೇಲಕ್ಕೆ ಕಟ್ಟು, ದುಪಟ್ಟಾ ಹಾಕಬೇಡ. ಗಿರಣಿಯಲ್ಲಿ ಸೆರಗು ಸಿಕ್ಕಿಕೊಂಡವರನ್ನು ಕಣ್ಣಾರೆ ಕಂಡಿದ್ದೇನೆ. ಅಜ್ಜಿಯ ಪ್ರಶ್ನೆ ಬೇರೆಯೇ: "ಲಿಫ್ಟು ಕೆಟ್ರೆ ಜನಕ್ಕೆ ಮೆಟ್ಟಿಲಿಲ್ವೇನು? ಅದಕ್ಯಾಕೆ ನಮ್ಮ ಹುಡುಗಿ ಅದರ ತಲೆ ಮೇಲೆ ಕೂರ್ಬೇಕು?"

ಬಟ್ಟೆಯ ಮಾತಿಗೆ ಬರುತ್ತೇನೆ. ನೀನು ಕುಸ್ತಿ ಹಿಡಿದ ಹಾಗೆ ಹಿಡಿಯುತ್ತಿದ್ದೀಯ, ಹರಿಯದೆ ಇನ್ನೇನಾದೀತು? ತಪ್ಪಿದ ಎಳೆ ಹುಡುಕುವಾಗ ನಾವು ಕೈಯನ್ನು ಹಗುರವಾಗಿ ಇಡುತ್ತೇವೆ, ಹಸುಗೂಸಿನ ತಲೆ ಸವರಿದಷ್ಟೇ. ಗಟ್ಟಿ ಒತ್ತಿದರೆ ಗಟ್ಟಿ ಇದ್ದ ಎಳೆಯೂ ಕಿತ್ತು ಬರುತ್ತದೆ. ಹಗುರ ಹಿಡಿ, ನಿಧಾನ ಸಾಗು, ಬೆರಳೇ ನಿನಗೆ ಹೇಳುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನಿನ್ನದು ಗ್ರೀಸ್, ಊಟಕ್ಕೆ ಮುಂಚೆ ಸೋಪು ಹಚ್ಚಿ ತೊಳೆ.

ಬರೆಯುವುದನ್ನು ತಡ ಮಾಡಬೇಡ. ಅಂಚೆಯವನು ಎದುರು ಮನೆಗೆ ಹೋದರೂ ನನ್ನ ಎದೆ ಹೊಡೆದುಕೊಳ್ಳುತ್ತದೆ.

ನಿನ್ನ ಅಮ್ಮ


ಮಾರ್ಚ್ ೯

ಅಮ್ಮಾ,

ನಿನ್ನ ಹಗುರ ಕೈ ಕೆಲಸ ಮಾಡಿತು. ಈಗ ಒಂದೇ ಬಟ್ಟೆ ಮೂರು ದಿನ ಬರುತ್ತದೆ. ಕಂಬಿ ಇದೆ, ಸೊಂಟಕ್ಕೆ ಪಟ್ಟಿಯೂ ಇದೆ, ನೀನು ಎದೆ ಹೊಡೆದುಕೊಳ್ಳಬೇಡ.

ಮೇಸ್ತ್ರಿಗೆ ಮಂಡಿನೋವು, ಮೇಲೆ ಹತ್ತಲು ಆಗುವುದಿಲ್ಲ. ಈಗ ಲಿಫ್ಟಿನ ತಲೆಯ ಮೇಲೆ ನಾನೊಬ್ಬಳೇ, ಅವರು ಬಾಗಿಲ ಬಳಿ ನಿಂತು ಕೂಗುತ್ತಾರೆ. ಕೆಳಗಿಳಿದು ಬಂದು ಹಾಳೆಯಲ್ಲಿ "ಮುರಿದ ಎಳೆಗಳು: ಸೊನ್ನೆ" ಎಂದು ಬರೆದು ನಾನು ಸಹಿ ಹಾಕುತ್ತೇನೆ, ಅದರ ಕೆಳಗೆ ಅವರು ಹಾಕುತ್ತಾರೆ. ಮೊದಮೊದಲು ನನ್ನ ಕೆಲಸವನ್ನು ಮತ್ತೆ ನೋಡುತ್ತಿದ್ದರು. ಈಗ ನೋಡುವುದಿಲ್ಲ. "ನೀನು ನೋಡಿದ್ದೀಯಲ್ಲ, ಸಾಕು" ಎನ್ನುತ್ತಾರೆ. ಆ ಮಾತು ಕೇಳಿದಾಗ ನನ್ನ ಕಾಲು ನೆಲದ ಮೇಲಿರುವುದಿಲ್ಲ.

ಕಾಲೇಜಿನಲ್ಲಿ ನಾಲ್ಕು ವರ್ಷ ಓದಿದ್ದು ಈಗ ಅರ್ಥವಾಗುತ್ತಿದೆ. ಮೋಟಾರಿನ ಸದ್ದು ಕೇಳಿ ಬೇರಿಂಗ್ ಸವೆದಿದೆ ಎಂದು ಹೇಳಬಲ್ಲೆ. ಬ್ರೇಕ್ ಬಿಚ್ಚಿ ಜೋಡಿಸಬಲ್ಲೆ. ಡಿಗ್ರಿ ಮುಗಿದ ಮೇಲೆ ಇಲ್ಲಿಗೇ ಬಾ ಎಂದು ಮ್ಯಾನೇಜರ್ ಹೇಳಿದ್ದಾರೆ. ನನ್ನನ್ನು ನೋಡಿ ಮುಖ ಗಂಟು ಹಾಕುತ್ತಿದ್ದ ಮೇಷ್ಟ್ರು ತರಗತಿಯವರ ಮುಂದೆ ನನ್ನನ್ನೇ ಉದಾಹರಣೆ ಕೊಟ್ಟರಂತೆ. ಇನ್ನು ಏಳು ವಾರ.

ನಿನ್ನ ಮಗಳು


ಏಪ್ರಿಲ್ ೧೭

ಅಮ್ಮಾ,

ಈ ಕಾಗದವನ್ನು ನೀನೊಬ್ಬಳೇ ಓದು. ಅಜ್ಜಿಗೆ ಬೇಡ.

ಮೇಸ್ತ್ರಿ ಮಂಡಿಯ ಚಿಕಿತ್ಸೆಗೆಂದು ಈ ವಾರ ರಜೆಯಲ್ಲಿದ್ದಾರೆ. ಅವರ ಬದಲು ಬಂದ ಮೆಕ್ಯಾನಿಕ್ ಬೆಳಿಗ್ಗೆ ನನ್ನ ಜೊತೆ ಮೇಲೆ ಹತ್ತಿದರು. ನಾನು ಬಟ್ಟೆ ಹಿಡಿದದ್ದು ನೋಡಿ, "ಇದೇನಮ್ಮ, ಹಗ್ಗಕ್ಕೆ ಮೈ ಒರೆಸ್ತಿದ್ದೀಯಾ?" ಎಂದು ನಕ್ಕರು. ಬಟ್ಟೆ ಕಿತ್ತುಕೊಂಡು ಮುಷ್ಟಿ ಬಿಗಿದು ಹಿಡಿದರು. ನಾನು ಒಂದೂ ಕಾಣದಿದ್ದ ಹಗ್ಗದಲ್ಲಿ ಮೂರು ಕಡೆ ಬಟ್ಟೆ ಚರ್ರೆಂದು ಹರಿಯಿತು. "ಹಗ್ಗದ ತುಂಬ ಗ್ರೀಸ್ ಇರುತ್ತೆ. ಹಗುರ ಹಿಡಿದ್ರೆ ಬಟ್ಟೆ ಮೇಲೆ ಮೇಲೇ ಜಾರಿ ಹೋಗುತ್ತೆ. ಬಟ್ಟೆ ಹರೀಲಿ, ಹರಿಯೋಕೇ ಇರೋದು ಅದು" ಎಂದರು. ನಾನು ಇವತ್ತೇ ಮೊದಲ ಸಲ ಬಟ್ಟೆ ತಪ್ಪಾಗಿ ಹಿಡಿದದ್ದು ಎಂದುಕೊಂಡಿದ್ದಾರೆ. ನಾನೂ ಹೌದು ಎಂದೆ.

ಎರಡು ತಿಂಗಳಲ್ಲಿ ಹನ್ನೊಂದು ಲಿಫ್ಟುಗಳಿಗೆ ಸೊನ್ನೆ ಬರೆದಿದ್ದೇನೆ. ಅವುಗಳಲ್ಲಿ ಒಂದು ಬಹಳ ಹಳೆಯದು, ಹಗ್ಗ ಬದಲಿಸಿ ಎಷ್ಟು ವರ್ಷವಾಯಿತೋ. ಎಂಟು ಅಂತಸ್ತಿನ ಕಟ್ಟಡ, ಐದನೆಯದರಲ್ಲಿ ಕಣ್ಣಿನ ಆಸ್ಪತ್ರೆ, ಏಳನೆಯದರಲ್ಲಿ ಟೈಪಿಂಗ್ ಶಾಲೆ. ಇವತ್ತು ಸಂಜೆ ಅದರ ಎದುರಿನ ಬಸ್ ನಿಲ್ದಾಣದಲ್ಲಿ ಒಂದು ಗಂಟೆ ಕೂತಿದ್ದೆ. ಅರವತ್ತಮೂರು ಜನ ಲಿಫ್ಟ್ ಹತ್ತಿದರು. ಎಷ್ಟೋ ಜನರ ಕಣ್ಣಿಗೆ ಕಟ್ಟು ಹಾಕಿತ್ತು, ಒಬ್ಬರ ಕೈ ಹಿಡಿದು ಒಬ್ಬರು ಹೋಗುತ್ತಿದ್ದರು. ಪ್ರತಿ ಸಲ ಬಾಗಿಲು ಮುಚ್ಚಿದಾಗಲೂ ಅದು ಮತ್ತೆ ತೆರೆಯುವವರೆಗೆ ಸೆಕೆಂಡು ಎಣಿಸಿದೆ.

ಹಗ್ಗ ಚೆನ್ನಾಗಿಯೇ ಇರಬಹುದು. ಇಲ್ಲದೆಯೂ ಇರಬಹುದು. ಹೇಳಿಬಿಟ್ಟರೆ ಇಂಟರ್ನ್‌ಶಿಪ್ ಹೋಯಿತು, ವರ್ಷ ಹೋಯಿತು. ಅದಕ್ಕಿಂತ ಹೆಚ್ಚಾಗಿ ಮೇಸ್ತ್ರಿ. ನೋಡದೆ ಸಹಿ ಹಾಕಿದ್ದಾರೆ, ನನ್ನನ್ನು ನಂಬಿ. ಅವರ ನಿವೃತ್ತಿಗೆ ಇನ್ನು ಒಂದೂವರೆ ವರ್ಷ. ಇಂಟರ್ನ್‌ಶಿಪ್ ಮುಗಿಯಲು ಹದಿಮೂರು ದಿನ.

ಆಫೀಸಿನಿಂದ ಯಾರಾದರೂ ಕರೆದರೆ ಎಂದು ಇವತ್ತಿನಿಂದ ಫೋನ್ ಆಫ್ ಮಾಡಿಯೇ ಇಡುತ್ತೇನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು. ಏನು ಮಾಡಲಿ ಅಮ್ಮಾ? ನೀನು ಹೇಳಿದ ಹಾಗೆ ಮಾಡುತ್ತೇನೆ. ನಿನ್ನ ಕಾಗದ ಬರುವವರೆಗೆ ಬಾಯಿ ಬಿಡುವುದಿಲ್ಲ.

ನಿನ್ನ ಮಗಳು


ಏಪ್ರಿಲ್ ೨೦

ಪುಟ್ಟೀ,

ಸುಮ್ಮನಿರು. ಯಾರಿಗೂ ಏನೂ ಹೇಳಬೇಡ.

ಇನ್ನು ಹತ್ತೇ ದಿನ. ಸರ್ಟಿಫಿಕೇಟ್ ಕೈಗೆ ಬರಲಿ, ಆಮೇಲೆ ಹೆಸರು ಹಾಕದೆ ಒಂದು ಚೀಟಿ ಬರೆದು ಆ ಆಫೀಸಿನ ಬಾಗಿಲ ಸಂದಿಯಲ್ಲಿ ತೂರಿಸಿದರಾಯಿತು. ಐದು ಹಗ್ಗ ಇದೆ ಎಂದು ನೀನೇ ಬರೆದಿದ್ದೆ. ಐದೂ ಒಂದೇ ಸಲ ಹೋಗುತ್ತವೆಯೇ? ಇಷ್ಟು ವರ್ಷ ಬೀಳದ್ದು ಹತ್ತು ದಿನದಲ್ಲಿ ಬೀಳುತ್ತದೆಯೇ? ನಿನಗೆ ಅನ್ನ ಹಾಕುವ ಕೆಲಸ, ನಿನ್ನ ಡಿಗ್ರಿ, ಆ ಮೇಸ್ತ್ರಿಯ ಮರ್ಯಾದೆ, ಎಲ್ಲವನ್ನೂ ಒಂದು ಮಾತಿನಲ್ಲಿ ಕೆಡಿಸಿಕೊಳ್ಳಬೇಡ. ಮಾಡಬಾರದ್ದು ಏನೂ ಮಾಡಿಲ್ಲ ನೀನು.

ಆ ಕಟ್ಟಡದ ಎದುರು ಹೋಗಿ ಕೂರಬೇಡ. ಯಾರಾದರೂ ನೋಡಿದರೆ ಯಾಕೆ ಎನ್ನುತ್ತಾರೆ. ಇದನ್ನು ಓದಿ ಹರಿದುಹಾಕು.

ನಿನ್ನ ಅಮ್ಮ


ಏಪ್ರಿಲ್ ೨೧

ಪುಟ್ಟೀ,

ನಿನ್ನೆಯ ಕಾಗದ ಸುಳ್ಳು. ಅದನ್ನು ನಂಬಬೇಡ.

ಬೆಳಿಗ್ಗೆ ಅಜ್ಜಿಯ ಹಲ್ಲು ತೋರಿಸಲು ಹೋಗಿದ್ದೆವು. ಡಾಕ್ಟರ್ ನಾಲ್ಕನೆಯ ಅಂತಸ್ತಿನಲ್ಲಿ. ಲಿಫ್ಟ್ ಹತ್ತಿದೆವು, ನಮ್ಮ ಹಿಂದೆಯೇ ಕೂಸನ್ನು ಎತ್ತಿಕೊಂಡು ಒಬ್ಬಳು ಬಂದಳು. ಬಾಗಿಲು ಮುಚ್ಚಿದ ಮೇಲೆ ನೋಡುತ್ತೇನೆ, ಒಳಗಿನ ಗೋಡೆಗೆ ಒಂದು ಕಾರ್ಡು ಅಂಟಿಸಿದೆ. ಪರೀಕ್ಷಿಸಿದವರು ಎಂದು ಬರೆದು ಅದರ ಕೆಳಗೆ ಎರಡು ಸಹಿ. ಈ ಸಹಿ ಹಾಕಿದವರು ಯಾರು, ಸರಿಯಾಗಿ ನೋಡಿದರೋ ಇಲ್ಲವೋ, ಅವರ ಮನೆಯಲ್ಲಿ ಯಾವ ಅಮ್ಮ ಸುಮ್ಮನಿರು ಎಂದಿದ್ದಾಳೋ. ಒಂದನೆಯ ಅಂತಸ್ತಿನಲ್ಲೇ ಗುಂಡಿ ಒತ್ತಿ ಇಳಿದೆ. ಅಜ್ಜಿಯನ್ನು ಮೂರು ಅಂತಸ್ತು ಕೈ ಹಿಡಿದು ಹತ್ತಿಸಿದೆ, ಹಲ್ಲುನೋವಿನಲ್ಲೂ ದಾರಿಯುದ್ದಕ್ಕೂ ಬೈದಳು. ಕೂಸಿನ ತಾಯಿಗೆ ಇಳಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಅಲ್ಲಿಂದ ನೇರ ಅಂಚೆ ಡಬ್ಬಿಗೆ ಹೋಗಿ ಮಣಿಕಟ್ಟಿನವರೆಗೆ ಕೈ ತೂರಿಸಿದೆ, ಕಾಗದ ಆಗಲೇ ಹೋಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎದುರು ಮನೆಯವಳ ಕೈಯಲ್ಲಿ ನಿನಗೆ ನಾಲ್ಕು ಸಲ ಫೋನ್ ಮಾಡಿಸಿದೆ, ಆಫ್ ಆಗಿದೆಯಂತೆ. ಅದಕ್ಕೆ ಇದನ್ನು ತುರ್ತು ಅಂಚೆಯಲ್ಲಿ ಹಾಕುತ್ತಿದ್ದೇನೆ.

ಹಗುರ ಹಿಡಿ ಎಂದವಳು ನಾನು. ನೀನು ಆ ಮಾತನ್ನು ಕಾಗದದಲ್ಲಿ ಎಲ್ಲೂ ಎತ್ತಲಿಲ್ಲ, ನಾನೂ ನಿನ್ನೆ ಎತ್ತಲಿಲ್ಲ. ನೂಲು ಬೇರೆ, ಉಕ್ಕು ಬೇರೆ ಎಂದು ನನಗೆ ಹೊಳೆಯಲೇ ಇಲ್ಲ. ನನಗೆ ಗೊತ್ತಿಲ್ಲ, ನಿಮ್ಮ ಮೇಸ್ತ್ರಿಯನ್ನು ಕೇಳು ಎನ್ನಬೇಕಿತ್ತು. ಗೊತ್ತಿಲ್ಲ ಎನ್ನಲು ಜಂಬ ಬಿಡಲಿಲ್ಲ. ಬೈದರೆ ನನ್ನ ಹೆಸರು ಹೇಳು. ಈಗಲೇ ಹೋಗು. ವರ್ಷ ಹೋದರೆ ಹೋಗಲಿ.

ನಿನ್ನ ಅಮ್ಮ


ಏಪ್ರಿಲ್ ೨೫

ಅಮ್ಮಾ,

ನಿನ್ನ ಕಾಗದ ೨೨ಕ್ಕೆ ಬರುತ್ತದೆ ಎಂದು ಕಾದೆ. ಬರಲಿಲ್ಲ. ಅಂಚೆಯವರು ಎರಡು ದಿನ ಮುಷ್ಕರ ಹೂಡಿದ್ದರು, ಹಾಸ್ಟೆಲಿಗೆ ಯಾವ ಕಾಗದವೂ ಬರಲಿಲ್ಲ.

೨೩ರ ಸಂಜೆ ಮತ್ತೆ ಹೋಗಿ ಆ ಕಟ್ಟಡದ ಎದುರು ಕೂತೆ. ಎರಡೂ ಕಣ್ಣಿಗೆ ಕಟ್ಟು ಹಾಕಿದ್ದ ಮುದುಕರೊಬ್ಬರನ್ನು ಅವರ ಹೆಂಡತಿ ಲಿಫ್ಟಿನ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು. ಮುದುಕರು ಕೈ ಚಾಚಿ, ಲಿಫ್ಟಿನ ಹೊಸ್ತಿಲನ್ನು ಕಾಲಿನಿಂದ ತಡಕುತ್ತಿದ್ದರು. ನಾನು ಹೇಗೆ ರಸ್ತೆ ದಾಟಿದೆನೋ ಗೊತ್ತಿಲ್ಲ. "ಹತ್ಬೇಡಿ" ಎಂದು ಅಡ್ಡ ನಿಂತೆ. ಕಾವಲುಗಾರ ಓಡಿ ಬಂದು, "ಚೆನ್ನಾಗಿ ಓಡ್ತಿರೋ ಲಿಫ್ಟ್ ನಿಲ್ಸೋಕೆ ನೀನ್ಯಾರು?" ಎಂದ. ಒಳಗಿನ ಕಾರ್ಡು ತೋರಿಸಿ, "ಪರೀಕ್ಷೆ ಮಾಡಿದವಳು ನಾನೇ. ಸರಿಯಾಗಿ ಮಾಡಿಲ್ಲ" ಎಂದೆ.

ಫೋನ್ ಆನ್ ಮಾಡಿ ಮೇಸ್ತ್ರಿಗೆ ಹೇಳಿದೆ. ಅವರು ಮನೆಯಿಂದ ಕುಂಟುತ್ತಲೇ ಬಂದರು. ಬೇಡ ಎಂದರೂ ಕೇಳದೆ ಮೇಲೆ ಹತ್ತಿ ತಾವೇ ಬಟ್ಟೆ ಹಿಡಿದರು. ಐದರಲ್ಲಿ ಮೂರು ಹಗ್ಗ ಕೆಟ್ಟಿದ್ದವು. ಒಂದರಲ್ಲಿ ಒಂದು ಗೇಣಿನೊಳಗೆ ಹತ್ತೊಂಬತ್ತು ಎಳೆ ಮುರಿದಿದ್ದವು. ಕೆಳಗಿಳಿದು ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಕೈ ಒರೆಸಿಕೊಂಡರು. "ನೀನು ಕಲಿಯೋಕೆ ಬಂದವಳು. ನೋಡದೆ ಸಹಿ ಹಾಕಿದ್ದು ನನ್ನ ತಪ್ಪು" ಎಂದರು. ಆಮೇಲೆ, "ಯಾವತ್ತು ಗೊತ್ತಾಯ್ತು ನಿನಗೆ?" ಎಂದು ಕೇಳಿದರು. ಹದಿನೇಳಕ್ಕೆ ಎಂದೆ. ಬೆರಳು ಮಡಚಿ ದಿನ ಎಣಿಸಿದರು.

ಹನ್ನೊಂದೂ ಲಿಫ್ಟುಗಳನ್ನು ಮತ್ತೆ ನೋಡಿದರು, ಇನ್ನೂ ಎರಡನ್ನು ನಿಲ್ಲಿಸಿದ್ದಾರೆ. ಮೇಸ್ತ್ರಿಯನ್ನು ಹೊರಗಿನ ಕೆಲಸದಿಂದ ತೆಗೆದು ಸಾಮಾನು ಕೋಣೆಯಲ್ಲಿ ಕೂರಿಸಿದ್ದಾರೆ. ನನಗೆ ಮ್ಯಾನೇಜರ್ ಹೇಳಿದ್ದು ಇಷ್ಟೇ: "ಈ ಮೂರು ತಿಂಗಳು ಲೆಕ್ಕಕ್ಕಿಲ್ಲ. ಬೇಕಾದ್ರೆ ಮೊದಲಿನಿಂದ ಶುರು ಮಾಡು, ಇಲ್ಲ ಅಂದ್ರೆ ಹೋಗು." ಶುರು ಮಾಡುತ್ತೇನೆ ಎಂದೆ. ಡಿಗ್ರಿ ಈ ವರ್ಷ ಇಲ್ಲ.

ನಿನ್ನ ಎರಡು ಕಾಗದಗಳೂ ನಿನ್ನೆ ಒಟ್ಟಿಗೇ ಬಂದವು. ತಾರೀಖು ನೋಡಿ ಮೊದಲನೆಯದನ್ನು ಮೊದಲು ಒಡೆದೆ. ಅಮ್ಮಾ, ಒಂದು ಮಾತು ಹೇಳಲೇಬೇಕು. ಮುಷ್ಕರ ಇಲ್ಲದೆ ಆ ಕಾಗದ ೨೨ಕ್ಕೇ ಬಂದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಅಮ್ಮನೇ ಹೇಳಿದ್ದಾಳಲ್ಲ ಎಂದು ಹೊಟ್ಟೆ ತುಂಬ ಉಂಡು ಮಲಗುತ್ತಿದ್ದೆ. ಹೊಸ ಹಗ್ಗ ಹಾಕಿ ಆಯಿತು, ನನ್ನ ಭಯ ಮಾತ್ರ ಹೋಗಿಲ್ಲ.

ನಿನ್ನ ಮಗಳು


ಏಪ್ರಿಲ್ ೨೯

ಪುಟ್ಟೀ,

ನಿನ್ನ ಕಾಗದವನ್ನು ಅಜ್ಜಿಗೆ ಪೂರ್ತಿ ಓದಿದೆ, ಈ ಸಲ ಏನನ್ನೂ ಬಿಡಲಿಲ್ಲ. ಅವಳು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು.

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಹೇಳಿಕೊಂಡು ನಗುತ್ತೇವೆ. ನಗುವ ಮಾತಲ್ಲ ಅದು. ಕಣ್ಣಿಗೆ ಕಟ್ಟು ಹಾಕಿಕೊಂಡ ಜನ ಕೈ ಕೈ ಹಿಡಿದು ಲಿಫ್ಟ್ ಹತ್ತುತ್ತಾರೆ ಎಂದು ನೀನು ಬರೆದಿದ್ದೆ. ಆ ಸಾಲನ್ನು ಓದಿಯೇ ನಾನು ಸುಮ್ಮನಿರು ಎಂದು ಬರೆದದ್ದು. ಓದಿದೆ, ಆದರೆ ಅವರು ನನಗೆ ಕಾಣಲಿಲ್ಲ. ಕಂಡದ್ದು ನಿನ್ನ ಒಂದು ವರ್ಷ. ಎರಡನೆಯ ಕಾಗದ ಬರೆದೆನಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅದೂ ನಾನೇ ಲಿಫ್ಟಿನೊಳಗೆ ನಿಂತು ಆ ಸಹಿಗಳನ್ನು ಕಂಡ ಮೇಲೆ.

ಮತ್ತೆ ಶುರು ಮಾಡುತ್ತೇನೆ ಎಂದದ್ದು ಒಳ್ಳೆಯದಾಯಿತು. ಮೇಸ್ತ್ರಿಯವರನ್ನು ದಿನಾ ಹೋಗಿ ಮಾತಾಡಿಸು, ಅವರು ಮಾತಾಡದಿದ್ದರೂ ಮಾತಾಡಿಸು.

ಇನ್ನು ಒಂದು ಮಾತು, ನೆನಪಿಡು. ಊಟ ಸೇರದಿದ್ದರೆ ಕೇಳು, ಜ್ವರ ಬಂದರೆ ಕೇಳು, ಬಟ್ಟೆಯ ಕಲೆ ಹೋಗದಿದ್ದರೆ ಕೇಳು, ಹೇಳುತ್ತೇನೆ. ಇಂಥದ್ದು ಬಂದಾಗ ನನ್ನನ್ನು ಕೇಳಬೇಡ, ನನ್ನ ಕಾಗದಕ್ಕೆ ಕಾಯಲೂ ಬೇಡ. ಒಂದು ಕಡೆ ನೀನು, ಇನ್ನೊಂದು ಕಡೆ ಊರಿನ ಜನವೆಲ್ಲ ನಿಂತರೆ ನಾನು ಬರೆಯುವುದು ಆ ಮೊದಲ ಕಾಗದವನ್ನೇ. ಎಷ್ಟು ಸಲ ಕೇಳಿದರೂ ಅದನ್ನೇ ಬರೆಯುತ್ತೇನೆ.

ನಿನ್ನ ಅಮ್ಮ